ಎಸ್‌ಎಸ್‌ಎಲ್‌ಸಿಗೇ ಗಣಿತ ಬಿಟ್ಟವರು ಗಣಿತ ಕಲಿಸಬಹುದೇ?

ಪ್ರಶ್ನೆ: ನಾನು ಕೊಡಗಿನ ಸೋಮವಾರಪೇಟೆ ಕಡೆಯವಳು. ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಈಗ ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಇಎಲ್.ಇಡಿ. ಸೇರಿದ್ದೇನೆ. ಗಣಿತವನ್ನು ಎಸ್‌ಎಸ್‌ಎಲ್‌ಸಿಗೇ ಬಿಟ್ಟೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಲು ಎಷ್ಟು ಗಣಿತ ಬರಬೇಕು? ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಗೆ ಓದಿಕೊಂಡರೆ ಸಾಲದೇ?

ಉತ್ತರ: ಸಾಲದು. ಹಾಗೆಂದು ನಿಮ್ಮನ್ನು ಹೆದರಿಸುತ್ತಿರುವ ತ್ರಿಕೋನಮಿತಿ, ಕಲನಶಾಸ್ತ್ರಗಳೂ ಬೇಕಾಗಿಲ್ಲ. ಬೇಕಾಗಿರುವುದು ಎಂಟನೇ ತರಗತಿಯವರೆಗಿನ ಗಣಿತ, ಅದೂ ಬುಡಸಮೇತ.

ಮೊದಲು ಟಿಇಟಿಯ ಮಾತು ಮುಗಿಸಿಬಿಡೋಣ. ಒಂದರಿಂದ ಐದನೇ ತರಗತಿಯ ಶಿಕ್ಷಕರಾಗುವವರು ಬರೆಯುವ ಮೊದಲ ಪತ್ರಿಕೆಗೆ 150 ಅಂಕ. ಅದರಲ್ಲಿ ಗಣಿತಕ್ಕೆ 30. ಸಾಮಾನ್ಯ ವರ್ಗದವರು ಅರ್ಹರಾಗಲು ಶೇ. 60, ಅಂದರೆ 90 ಅಂಕ ಪಡೆಯಬೇಕು. ಉಳಿದ ನಾಲ್ಕು ವಿಷಯಗಳಿಂದ 120 ಅಂಕ ಸಿಗುವುದರಿಂದ ಗಣಿತದಲ್ಲಿ ಸೊನ್ನೆ ಬಂದರೂ ಅರ್ಹತೆ ದಕ್ಕಬಹುದು. (ಗಣಿತ ಬರುವುದಿಲ್ಲ ಎನ್ನುವವರೂ ಈ ಲೆಕ್ಕವನ್ನು ಮಾತ್ರ ಬಹಳ ಚೆನ್ನಾಗಿ ಮಾಡುತ್ತಾರೆ.) ಆದರೆ ಕೊಡಗಿನ ಅನೇಕ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇರುವವರು ಒಬ್ಬರೋ ಇಬ್ಬರೋ ಶಿಕ್ಷಕರು. ಅಲ್ಲಿ ಕನ್ನಡ ನನಗೆ, ಗಣಿತ ನಿಮಗೆ ಎಂದು ಹಂಚಿಕೊಳ್ಳುವ ಮಾತೇ ಇಲ್ಲ.

ಹಾಗಾದರೆ ಬುಡಸಮೇತ ಎಂದರೇನು? ಮೂರನೇ ತರಗತಿಯ ಮಗುವೊಂದು 402ರಿಂದ 178 ಕಳೆದು 376 ಎಂದು ಬರೆದಿದೆ ಎಂದುಕೊಳ್ಳಿ. ಸರಿಯುತ್ತರ 224. ತಪ್ಪು ಗುರುತು ಹಾಕಲು ಉತ್ತರ ಗೊತ್ತಿದ್ದರೆ ಸಾಕು, ಶಿಕ್ಷಕಿಯೇ ಬೇಕಾಗಿಲ್ಲ. 376 ಎಲ್ಲಿಂದ ಬಂತು ಎಂದು ನೋಡುವುದೇ ಶಿಕ್ಷಕಿಯ ಕೆಲಸ. ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಿಂದ 2, 7ರಿಂದ 0, 4ರಿಂದ 1. ಅಂದರೆ ಅದು ಅಡ್ಡಾದಿಡ್ಡಿ ಮಾಡಿಲ್ಲ, ತಾನೇ ಮಾಡಿಕೊಂಡ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಇದಕ್ಕೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತೂ ತಪ್ಪಾಗುತ್ತವೆ. ‘ಪಕ್ಕದ ಮನೆಯಿಂದ ಸಾಲ ತಾ’ ಎಂದರೂ ಪ್ರಯೋಜನವಿಲ್ಲ, ಏಕೆಂದರೆ ಪಕ್ಕದ ಮನೆಯಲ್ಲಿ ಇರುವುದು ಸೊನ್ನೆ. ನಾಲ್ಕು ನೂರರಲ್ಲಿ ಒಂದನ್ನು ಒಡೆದರೆ ಹತ್ತು ಹತ್ತುಗಳು, ಆ ಹತ್ತರಲ್ಲಿ ಒಂದನ್ನು ಒಡೆದರೆ ಹತ್ತು ಬಿಡಿಗಳು. ಉಳಿದದ್ದು 3 ನೂರು, 9 ಹತ್ತು, 12 ಬಿಡಿ. ಕಡ್ಡಿಗಳ ಕಟ್ಟು ಬಿಚ್ಚಿ ಇದನ್ನು ನೀವೇ ಒಮ್ಮೆ ಮಾಡಿ ನೋಡಿ. ಹತ್ತು ವರ್ಷ ಯಾಂತ್ರಿಕವಾಗಿ ಮಾಡಿಕೊಂಡು ಬಂದ ಕಳೆಯುವ ಲೆಕ್ಕದಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ದಶಮಾಂಶದ ವಿಷಯಕ್ಕೆ ಬಂದರೆ ಕೊಡಗಿನಲ್ಲಿ ಕಲಿಸುವವರಿಗೆ ಬೇರೆ ಅನೇಕ ಜಿಲ್ಲೆಯವರಿಗಿಲ್ಲದ ಅನುಕೂಲವೊಂದಿದೆ, ಅದರ ಒಳಗೇ ಒಂದು ಬಲೆಯೂ ಇದೆ. ತೋಟದ ಮನೆಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತಾರೆ; ಒಂದು ಇಂಚಿಗೆ 100 ಸೆಂಟ್. ಜಮೀನಿಗೂ ಹಾಗೆಯೇ, ಒಂದು ಎಕರೆಗೆ 100 ಸೆಂಟ್. ಸೋಮವಾರ 2 ಇಂಚು 5 ಸೆಂಟ್, ಮಂಗಳವಾರ 2 ಇಂಚು 40 ಸೆಂಟ್ ಮಳೆ ಬಂತು ಎಂದುಕೊಳ್ಳೋಣ. ಮಗು ಇದನ್ನು 2.5 ಮತ್ತು 2.40 ಎಂದು ಬರೆದು, ಮಂಗಳವಾರವೇ ಹೆಚ್ಚು ಮಳೆ ಎನ್ನುತ್ತದೆ.

ಉತ್ತರ ಸರಿ. ಬರೆದದ್ದು ತಪ್ಪು. ‘ಸೊನ್ನೆ ಸೇರಿಸಿ ಹೋಲಿಸು’ ಎಂಬ ನಿಯಮ ಮಾತ್ರ ಗೊತ್ತಿರುವ ಶಿಕ್ಷಕಿ 2.50 ದೊಡ್ಡದು ಎಂದು ಮಗುವನ್ನು ತಿದ್ದಲು ಹೊರಡುತ್ತಾರೆ. ಮಳೆಯನ್ನು ಕಣ್ಣಾರೆ ಕಂಡ ಮಗು ಗೊಂದಲಕ್ಕೆ ಬೀಳುತ್ತದೆ. ಉತ್ತರ ಮಾತ್ರ ನೋಡುವವರು ಸರಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ಎರಡು ದಿನದ ಮಳೆ ಕೂಡಿಸು ಎಂದಾಗ 4.45ರ ಬದಲು 4.90 ಬರುತ್ತದೆ, ತಪ್ಪು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ. ದಾರಿ ಇರುವುದು ಬಿಂದುವಿನ ಬಲಗಡೆಯ ಮೊದಲ ಸ್ಥಾನದಲ್ಲಿ. ಅದು ಇಂಚಿನ ಹತ್ತನೆಯ ಒಂದು ಭಾಗದ ಸ್ಥಾನ, ಅಂದರೆ ಹತ್ತು ಸೆಂಟಿನ ಸ್ಥಾನ. ಐದು ಸೆಂಟಿನಲ್ಲಿ ಹತ್ತು ಸೆಂಟಿನ ಕಂತು ಒಂದೂ ಇಲ್ಲದ್ದರಿಂದ ಅಲ್ಲಿ ಸೊನ್ನೆ ಬರಬೇಕು: 2.05. ಮಗುವಿಗೆ ಮಳೆ ಗೊತ್ತು, ಬರಹ ಗೊತ್ತಿಲ್ಲ. ಈ ವ್ಯತ್ಯಾಸವನ್ನು ಹಿಡಿಯುವುದೇ ನೀವು ಕೇಳಿದ ‘ಎಷ್ಟು ಗಣಿತ’ ಎಂಬುದರ ಅಳತೆ.

ಸ್ಥಳೀಯ ಉದಾಹರಣೆ ಕೊಟ್ಟುಬಿಟ್ಟರೆ ಪಾಠ ತಾನಾಗಿ ಆಗುತ್ತದೆ ಎಂದಲ್ಲ. ತೋಟದ ಕಾರ್ಮಿಕರ ಲೈನ್‌ಮನೆಯ ಮಗುವಿಗೆ ಮಳೆಮಾಪಕ ಗೊತ್ತಿಲ್ಲದಿರಬಹುದು. ಆದರೆ ಅಮ್ಮ ಕೊಯ್ದ ಕಾಫಿ ಹಣ್ಣಿನ ಕಿಲೋ ಲೆಕ್ಕ, ಅದರ ಕೂಲಿ ಗೊತ್ತಿರುತ್ತದೆ. ಏಳನೇ ತರಗತಿಗೆ ಅನುಪಾತ ಕಲಿಸುವಾಗ ಕಾಫಿಯ ‘ಔಟ್‌ಟರ್ನ್’ ಬಳಸಬಹುದು: 50 ಕಿಲೋ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ 28 ಕಿಲೋ ಬೀಜ ಬಂದರೆ ಅದು ಶೇ. 56, 26 ಬಂದರೆ ಶೇ. 52. ಬೀಜಕ್ಕೆ ಕಿಲೋಗೆ 300 ರೂಪಾಯಿ ಎಂದಿಟ್ಟುಕೊಂಡರೆ ಮೂಟೆಯೊಂದಕ್ಕೆ 600 ರೂಪಾಯಿ ವ್ಯತ್ಯಾಸ. ಇದಾದ ಮೇಲೆ ಕಾಫಿಯನ್ನು ಬದಿಗಿಟ್ಟು ಬರಿಯ ಸಂಖ್ಯೆಗಳಲ್ಲೂ ಅನುಪಾತ ಮಾಡಿಸಲೇಬೇಕು.

ಕಲಾ ವಿಭಾಗದಿಂದ ಬಂದ ನಿಮಗೆ ಧೈರ್ಯ ಕೊಡುವ ಅಧ್ಯಯನವೊಂದಿದೆ. ಸಂಶೋಧಕಿ ಲಿಪಿಂಗ್ ಮಾ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 23 ಹಾಗೂ ಚೀನಾದ 72 ಪ್ರಾಥಮಿಕ ಶಿಕ್ಷಕರಿಗೆ ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೆ ಹೊಂದುವ ಒಂದು ಸಂದರ್ಭವನ್ನೂ ಹೇಳಿ ಎಂದು ಕೇಳಲಾಗಿತ್ತು. ಅಮೆರಿಕದವರಲ್ಲಿ ಲೆಕ್ಕಕ್ಕೆ ಪೂರ್ಣ ಸರಿಯುತ್ತರ ಕೊಟ್ಟವರು 9 ಮಂದಿ. ಸಂದರ್ಭ ಹೇಳುವಾಗ ಹಲವರು ‘ಅರ್ಧದಿಂದ ಭಾಗಿಸುವುದು’ ಮತ್ತು ‘ಎರಡರಿಂದ ಭಾಗಿಸುವುದು’ ಇವೆರಡನ್ನು ಕಲಸಿಬಿಟ್ಟರು. ಚೀನಾದವರೆಲ್ಲರೂ ಸರಿಯಾಗಿ ಲೆಕ್ಕ ಮಾಡಿದರು, ಹೆಚ್ಚಿನವರು ಸಂದರ್ಭವನ್ನೂ ಹೇಳಿದರು. ಅಮೆರಿಕದವರು ಪದವೀಧರರು; ಚೀನಾದವರ ಒಟ್ಟು ಓದು, ತರಬೇತಿಯೂ ಸೇರಿ, 11ರಿಂದ 12 ವರ್ಷ. ನಮ್ಮ ಅಡುಗೆಮನೆಯ ಸಂದರ್ಭ ಇಷ್ಟೇ: ಒಂದೂಮುಕ್ಕಾಲು ಸೇರು ಅಕ್ಕಿಯನ್ನು ಅರ್ಧ ಸೇರಿನ ಅಳತೆಯಿಂದ ಎಷ್ಟು ಸಲ ತುಂಬಬಹುದು? ಮೂರೂವರೆ ಸಲ. ಭಾಗಿಸಿದರೂ ಉತ್ತರ ದೊಡ್ಡದಾಗುವುದೇಕೆ ಎಂದು ಮಗು ಕೇಳಿದರೆ ಈಗ ನಿಮ್ಮ ಹತ್ತಿರ ಹೇಳಲು ಮಾತಿದೆ.

ಇನ್ನು ತಯಾರಿ. ಗೈಡ್‌ಗಳನ್ನು ಸದ್ಯಕ್ಕೆ ಮುಚ್ಚಿಡಿ. ಸರ್ಕಾರಿ ಪಠ್ಯಪುಸ್ತಕಗಳನ್ನು ಮೂರನೇ ತರಗತಿಯಿಂದ ಹಿಡಿದು ಎಂಟರವರೆಗೆ ಪೆನ್ಸಿಲ್ ಹಿಡಿದು ಮಾಡಿ. ಮೂರರಿಂದಲೇ ಏಕೆಂದರೆ 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಯೂ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮೂಲ ಸಂಖ್ಯಾಜ್ಞಾನ ಬರಬೇಕು ಎಂಬುದು; ನಿಮ್ಮ ಮೊದಲ ತರಗತಿಯೂ ಬಹುಶಃ ಅಲ್ಲೇ ಇರುತ್ತದೆ. ಪ್ರತಿ ಲೆಕ್ಕದ ಪಕ್ಕದಲ್ಲಿ ಮಗು ಬರೆಯಬಹುದಾದ ಒಂದು ತಪ್ಪು ಉತ್ತರವನ್ನೂ ಅದರ ಹಿಂದಿನ ಯೋಚನೆಯನ್ನೂ ಬರೆದಿಡಿ. ಪಾಠಾಭ್ಯಾಸಕ್ಕೆ ಶಾಲೆಗೆ ಹೋದಾಗ ನಿಮ್ಮ ಊಹೆ ಎಷ್ಟು ಸರಿಯಿತ್ತೆಂದು ಮಕ್ಕಳ ಪುಸ್ತಕಗಳಲ್ಲೇ ನೋಡಬಹುದು. ಅರ್ಥವಾಗದ ಕಡೆ ನಿಮ್ಮ ಉಪನ್ಯಾಸಕರನ್ನು ‘ಹೇಗೆ ಮಾಡುವುದು’ ಎಂದು ಕೇಳಬೇಡಿ, ‘ಹೀಗೇ ಏಕೆ ಮಾಡಬೇಕು’ ಎಂದು ಕೇಳಿ. ವೇಗದ ಚಿಂತೆ ಈಗಲೇ ಬೇಡ. ಟಿಇಟಿಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಎರಡನೇ ವರ್ಷದಲ್ಲಿ ಕೈಗೆತ್ತಿಕೊಂಡರೂ ತಡವಾಗುವುದಿಲ್ಲ.