ದ್ರಾಕ್ಷಿಬಳ್ಳಿಗೆ ಕತ್ತರಿಯೇ ಚಳಿಗಾಲ

ಚಿಕ್ಕಬಳ್ಳಾಪುರದಲ್ಲಿ ಮನೆಯಂಗಳದ ಚಪ್ಪರಕ್ಕೆ ದ್ರಾಕ್ಷಿಬಳ್ಳಿ ಹಬ್ಬಿಸಿದವರು ಅನೇಕರಿದ್ದಾರೆ, ಅವರಲ್ಲಿ ಹೆಚ್ಚಿನವರ ದೂರು ಮಾತ್ರ ಒಂದೇ: ಎಲೆ ಬೇಕಾದಷ್ಟಿದೆ, ನೆರಳಿಗೆ ಕೊರತೆಯಿಲ್ಲ, ಮೂರು ವರ್ಷವಾದರೂ ಗೊಂಚಲು ಕಾಣಲಿಲ್ಲ. ಊರಾಚೆ ನಂದಿಬೆಟ್ಟದ ಸುತ್ತಿನ ತೋಟಗಳಲ್ಲಾದರೆ ಅದೇ 'ಬೆಂಗಳೂರು ನೀಲಿ' ತಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಮಣ್ಣೂ ಒಂದೇ, ಬೋರ್‌ವೆಲ್ ನೀರೂ ಒಂದೇ, ವ್ಯತ್ಯಾಸವಿರುವುದು ಕತ್ತರಿಯಲ್ಲಿ.

ಚಳಿ ದೇಶಗಳಲ್ಲಿ ದ್ರಾಕ್ಷಿ ಹಿಮಗಾಲಕ್ಕೆ ಎಲೆಯುದುರಿಸಿ ಮಲಗುತ್ತದೆ. ವಸಂತದಲ್ಲಿ ಎಚ್ಚೆತ್ತಾಗ ಹೊರಡುವ ಹೊಸ ಚಿಗುರಿನಲ್ಲೇ ಹೂಗೊಂಚಲು ಇರುತ್ತದೆ. ನಮ್ಮಲ್ಲಿ ಅದನ್ನು ಮಲಗಿಸುವಷ್ಟು ಚಳಿ ಬೀಳುವುದಿಲ್ಲ. ಬಳ್ಳಿ ವರ್ಷವಿಡೀ ತುದಿಯಲ್ಲಿ ಬೆಳೆಯುತ್ತಲೇ ಇರುತ್ತದೆ, ಆ ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಹಿಂದಿನ ಕಣ್ಣುಗಳನ್ನು ಒಡೆಯಗೊಡುವುದಿಲ್ಲ. ಬಲಿತ ಕಡ್ಡಿಯನ್ನು ಸವರಿದಾಗ ಈ ತಡೆ ಕಳಚಿ, ಉಳಿದ ಕಣ್ಣುಗಳು ಒಟ್ಟಿಗೆ ಚಿಗುರುತ್ತವೆ. 'ಹಸಿರಾಗಿರುವುದನ್ನು ಕಡಿಯಲು ಮನಸ್ಸು ಬಾರದು' ಎನ್ನುವವರ ಮನೆಯ ಬಳ್ಳಿ ಹಣ್ಣು ಬಿಡದಿರುವುದಕ್ಕೆ ಆ ಕರುಣೆಯೇ ಕಾರಣ.

ಸವರಿ ಬಿದ್ದ ಕಂದು ಕಡ್ಡಿಯೊಂದನ್ನು ಎತ್ತಿಕೊಂಡು, ಅದರ ಕಣ್ಣನ್ನು ಹೊಸ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ಭೂತಗನ್ನಡಿಯಲ್ಲಿ ನೋಡಿರಿ. ಒಂದು ಕಣ್ಣೆಂದುಕೊಂಡದ್ದು ವಾಸ್ತವವಾಗಿ ಮೂರು: ನಡುವೆ ದೊಡ್ಡದೊಂದು ಹಸಿರು ಚುಕ್ಕೆ, ಅಕ್ಕಪಕ್ಕದಲ್ಲಿ ಎರಡು ಚಿಕ್ಕವು. ನಡುವಿನದರಲ್ಲಿ ಮುಂದಿನ ಚಿಗುರು, ಅದರ ಎಲೆ, ಗೊಂಚಲಿನ ಮೊಳಕೆ ಎಲ್ಲವೂ ಆಗಲೇ ಸಿದ್ಧವಾಗಿರುತ್ತವೆ. ಅಂದರೆ ಈ ಸಲದ ಬೆಳೆ ನಿರ್ಧಾರವಾದದ್ದು ಆ ಕಡ್ಡಿ ಇನ್ನೂ ಎಳೆಯದಾಗಿದ್ದಾಗ. ಗೊಂಚಲು ಮತ್ತು ಕುಡಿಬಳ್ಳಿ ಎರಡೂ ಒಂದೇ ಬಗೆಯ ಮೊಳಕೆಯಿಂದ ಹುಟ್ಟುತ್ತವೆ. ಕಣ್ಣು ರೂಪುಗೊಳ್ಳುವಾಗ ಬಿಸಿಲು ಚೆನ್ನಾಗಿ ಬಿದ್ದರೆ ಅದು ಗೊಂಚಲಾಗುವ ಸಂಭವ ಹೆಚ್ಚು, ಎಲೆಗಳ ದಟ್ಟ ನೆರಳಿನಲ್ಲಿದ್ದರೆ ಆಸರೆ ಹುಡುಕುವ ಕುಡಿಯಾಗುವ ಸಂಭವ ಹೆಚ್ಚು. ಕೆಲವೊಮ್ಮೆ ಕುಡಿಬಳ್ಳಿಯ ಒಂದು ಕವಲಿನಲ್ಲಿ ನಾಲ್ಕಾರು ಕಾಯಿ ತೂಗುವುದುಂಟು. ನಿರ್ಧಾರ ಅರ್ಧಕ್ಕೇ ನಿಂತದ್ದರ ಗುರುತು ಅದು.

ನೆಡುವ ಕೆಲಸ ಸುಲಭ. ಪೆನ್ಸಿಲ್ ದಪ್ಪದ, ನಾಲ್ಕು ಕಣ್ಣಿನ ಬಲಿತ ಕಡ್ಡಿಯನ್ನು ತಲೆಕೆಳಗು ಮಾಡದೆ ಎರಡು ಕಣ್ಣು ಮಣ್ಣಿನೊಳಗಿರುವಂತೆ ಚೀಲದಲ್ಲಿ ಊರಿ, ಬೇರು ಬಂದ ಮೇಲೆ ಎರಡಡಿ ಗುಂಡಿಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟರಾಯಿತು. ನೀರು ನಿಲ್ಲಬಾರದು, ದಿನಕ್ಕೆ ಆರೇಳು ಗಂಟೆ ಬಿಸಿಲು ಬೇಕು. ಒಂದೇ ಕಾಂಡವನ್ನು ಚಪ್ಪರದವರೆಗೆ ನೇರ ಹತ್ತಿಸಿ, ಅಲ್ಲಿ ತುದಿ ಚಿವುಟಿದರೆ ಕೆಳಗಿನ ಕಣ್ಣುಗಳು ಒಡೆದು ಎರಡು ತೋಳುಗಳು ಹೊರಡುತ್ತವೆ. ಮೊದಲ ವರ್ಷದ ಹೂವನ್ನು ಕಿತ್ತುಹಾಕುವುದೇ ಒಳಿತು.

ತೋಟದವರಂತೆ ಎರಡು ಬೆಳೆಗೆ ಆಸೆಪಡದೆ ಮನೆಯವರು ಒಂದಕ್ಕೆ ತೃಪ್ತರಾಗಬಹುದು. ಮಳೆ ಹಿಂದೆಗೆದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಪ್ರತಿ ಕಡ್ಡಿಗೂ ನಾಲ್ಕೈದು ಕಣ್ಣು ಉಳಿಸಿ ಸವರಿದರೆ ಸುಮಾರು ನಾಲ್ಕು ತಿಂಗಳಲ್ಲಿ ಹಣ್ಣು ಸಿಗುತ್ತದೆ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮೋಟಾಗಿ ಸವರಿದರೆ ಬೇಸಗೆಯ ಬಿಸಿಲಿಗೆ ಹೊಸ ಕಡ್ಡಿ ಬಲಿತು, ಮುಂದಿನ ಬೆಳೆಯ ಕಣ್ಣುಗಳು ಕಟ್ಟುತ್ತವೆ. ಸವರಿದ ತುದಿಯಿಂದ ತೊಟ್ಟಿಕ್ಕುವ ನೀರನ್ನು ಕಂಡು ಗಾಬರಿಯಾಗಿ ಸಗಣಿ ಮೆತ್ತುವವರಿದ್ದಾರೆ. ಬೇರಿನ ಒತ್ತಡ ಮೇಲಕ್ಕೆ ನೂಕಿದ ರಸ ಅದು, ಬೇರು ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ಅದರ ಅರ್ಥ. ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ.

ಮೋಡ ಕವಿದ ದಿನಗಳಲ್ಲಿ ಎಲೆಯ ಅಡಿಯಲ್ಲಿ ಬಿಳಿ ತುಪ್ಪಟ ಕಂಡರೆ ಅದು ಬೂಜು ತುಪ್ಪಟ ರೋಗ. ಇದರ ಮದ್ದು ಸಿಕ್ಕಿದ್ದು ಕಳ್ಳರಿಂದ ಎನ್ನಬಹುದು: ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು, ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದಿದ್ದುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ 1885ರಲ್ಲಿ ಮಿಶ್ರಣವನ್ನು ಪ್ರಕಟಿಸಿದರು. ಒಂದು ಲೀಟರಿಗೆ ಹತ್ತು ಗ್ರಾಂ ಮೈಲುತುತ್ತ, ಹತ್ತು ಗ್ರಾಂ ಸುಣ್ಣ. ಬೇರೆ ಬೇರೆಯಾಗಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಬೆರೆಸಿ, ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡಬೇಕು. ಅಲಗಿಗೆ ಕೆಂಪು ತಾಮ್ರ ಅಂಟಿದರೆ ಸುಣ್ಣ ಸಾಲದು. ಇದು ರೋಗ ಬರದಂತೆ ತಡೆಯುವ ಮದ್ದು, ಬಂದ ಮೇಲೆ ಅಷ್ಟಾಗಿ ಉಪಯೋಗವಿಲ್ಲ. ಹಣ್ಣಾಗುವ ಹೊತ್ತಿಗೆ ಸಿಂಪಡಿಸಬಾರದು.

ಕಾಯಿ ಬಣ್ಣಕ್ಕೆ ತಿರುಗಿದಾಗ ನೀರು ಕಡಿಮೆ ಮಾಡಿ, ಪಿಕಳಾರಗಳಿಗೆ ಸಿಗದಂತೆ ಬಲೆ ಹೊದಿಸಬೇಕು. ಬಾಳೆ, ಮಾವಿನಂತೆ ದ್ರಾಕ್ಷಿ ಕೊಯ್ದ ಮೇಲೆ ಹಣ್ಣಾಗುವುದಿಲ್ಲ. ಹುಳಿಯಾಗಿ ಕೊಯ್ದದ್ದು ಹುಳಿಯಾಗಿಯೇ ಉಳಿಯುತ್ತದೆ. ಗೊಂಚಲಿನಲ್ಲಿ ಸಿಹಿ ಸಾಮಾನ್ಯವಾಗಿ ಕೊನೆಗೆ ತಲುಪುವುದು ಕೆಳತುದಿಗೆ. ಆದ್ದರಿಂದ ತುದಿಯ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು ನೋಡಿ, ಅದು ಸಿಹಿಯಾಗಿದ್ದ ದಿನ ಕೊಯ್ಯಿರಿ.