ಹೈಟೆನ್ಷನ್ ಲೈನ್ ಪಕ್ಕ ಸೈಟ್ ತಗೊಳ್ಳಬಹುದಾ?

ಪ್ರಶ್ನೆ: ಸೈಟಿನ ಹಿಂದೆಯೇ ಹೈಟೆನ್ಷನ್ ಲೈನ್ ಹೋಗುತ್ತದೆ, ಅದಕ್ಕೇ ರೇಟು ಕಮ್ಮಿ. ರೇಡಿಯೇಷನ್‌ನಿಂದ ಕ್ಯಾನ್ಸರ್ ಬರುತ್ತದಂತೆ, ನಿಜವಾ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಪ್ರಶ್ನೆ ಜೊತೆ ಮತ್ತದೇ ವಿಡಿಯೊ. ಕತ್ತಲಲ್ಲಿ ಒಬ್ಬ ಲೈನ್ ಕೆಳಗೆ ಟ್ಯೂಬ್‌ಲೈಟ್ ಹಿಡಿದು ನಿಂತಿದ್ದಾನೆ, ಕನೆಕ್ಷನ್ ಇಲ್ಲದೆ ಅದು ಉರಿಯುತ್ತಿದೆ. 'ಇನ್ನೇನು ಪ್ರೂಫ್ ಬೇಕು ಸಾರ್?'

ವಿಡಿಯೊ ಸುಳ್ಳಲ್ಲ. 400 ಕೆವಿ (ಕಿಲೋವೋಲ್ಟ್, ಅಂದರೆ ನಾಲ್ಕು ಲಕ್ಷ ವೋಲ್ಟ್) ಲೈನ್ ಕೆಳಗೆ ನಾನೇ ಹಳೇ ನಾಲ್ಕಡಿ ಟ್ಯೂಬ್ ಹಿಡಿದು ನೋಡಿದ್ದೇನೆ. ಮಂಕಾಗಿ ಹೊಳೆಯುತ್ತದೆ. ಹಿಡಿದ ಕೈಯನ್ನು ಮೇಲೆ ಸರಿಸಿದರೆ ಬೆಳಗುವ ಭಾಗವೂ ಚಿಕ್ಕದಾಗುತ್ತದೆ. ಯಾಕೆ? ತಂತಿಗೂ ನೆಲಕ್ಕೂ ನಡುವೆ ವಿದ್ಯುತ್ ಕ್ಷೇತ್ರ ಇದೆ. ಅದರಿಂದ ಟ್ಯೂಬಿನೊಳಗಿನ ಅನಿಲದಲ್ಲಿ ಒಂಚೂರು ಕರೆಂಟ್ ಹರಿದು, ನಮ್ಮ ಮೈ ಮೂಲಕ ನೆಲ ಸೇರುತ್ತದೆ. ಅಷ್ಟೇ ಕಥೆ. ಇದು ಎಕ್ಸ್‌ರೇ ಅಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಅದರ ಒಂದು ಅಲೆ 6,000 ಕಿಲೋಮೀಟರ್ ಉದ್ದ. ಜೀವಕೋಶದ ಡಿಎನ್‌ಎ ಮುರಿಯುವ ತಾಕತ್ತು ಅದಕ್ಕಿಲ್ಲ. ಅದೇ ಟ್ಯೂಬನ್ನು ಪಕ್ಕದ ಆರ್‌ಸಿಸಿ ಮನೆಯೊಳಗೆ ಒಯ್ಯಿರಿ, ಆರಿಹೋಗುತ್ತದೆ. ಗೋಡೆ, ತಾರಸಿ ಈ ಕ್ಷೇತ್ರವನ್ನು ತಡೆಯುತ್ತವೆ. ಈ ಭಾಗದ ವಿಡಿಯೊ ಮಾತ್ರ ಯಾರೂ ಕಳಿಸುವುದಿಲ್ಲ!

ಗೋಡೆ ದಾಟುವುದು ತಂತಿಯಲ್ಲಿ ಹರಿಯುವ ಕರೆಂಟಿನಿಂದ ಹುಟ್ಟುವ ಕಾಂತಕ್ಷೇತ್ರ. 1979ರಲ್ಲಿ ಅಮೆರಿಕದ ಡೆನ್ವರ್‌ನ ಅಧ್ಯಯನವೊಂದು ಮಕ್ಕಳ ರಕ್ತಕ್ಯಾನ್ಸರಿಗೂ ವಿದ್ಯುತ್ ತಂತಿಗಳಿಗೂ ನಂಟಿರಬಹುದು ಅಂದಿತು. ಆಮೇಲಿನ ಲೆಕ್ಕಾಚಾರಗಳಲ್ಲೂ, ಕಾಂತಕ್ಷೇತ್ರ ಸರಾಸರಿ 0.4 ಮೈಕ್ರೊಟೆಸ್ಲಾ (ಅದನ್ನು ಅಳೆಯುವ ಮಾನ) ದಾಟಿದ ಕೆಲವೇ ಮನೆಗಳಲ್ಲಿ ಸಣ್ಣ ನಂಟು ಕಂಡಿತು. ಕಾರಣ ಅದೇ ಅಂತ ಸಾಬೀತಾಗಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಕಾಂತಕ್ಷೇತ್ರವನ್ನು 2ಬಿ ಗುಂಪಿಗೆ ಹಾಕಿತು, ಅಂದರೆ ಕ್ಯಾನ್ಸರಿಗೆ ಕಾರಣ 'ಇದ್ದರೂ ಇರಬಹುದು'. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಲೈನಿಂದ ದೂರ ಸರಿದಷ್ಟೂ ಕಾಂತಕ್ಷೇತ್ರ ಬೇಗ ಇಳಿಯುತ್ತದೆ. ಹಾಗಾಗಿ ಲೈನಿನ ಕಾರಿಡಾರ್, ಅಂದರೆ ಲೈನ್ ಕೆಳಗೂ ಅಕ್ಕಪಕ್ಕವೂ ಖಾಲಿ ಬಿಡುವ ಪಟ್ಟಿ, ಬಿಟ್ಟು ಕಟ್ಟಿ: ಎರಡೂ ಬದಿ ಸೇರಿ ಅದರ ಅಗಲ 66 ಕೆವಿಗೆ ಒಟ್ಟು 18 ಮೀಟರ್, 220 ಕೆವಿಗೆ 35.

ನಿಜವಾಗಿ ಜೀವ ತೆಗೆಯುವುದು ಬೇರೆ. ಮೂರನೇ ಫ್ಲೋರಿಗೆ ಕಂಬಿ ಎತ್ತುವಾಗ, ತಾರಸಿಯಿಂದ ತಂತಿಗೆ ಸಿಕ್ಕ ಗಾಳಿಪಟ ಬಿಡಿಸುವಾಗ, ತೋಟದಲ್ಲಿ ಅಡಿಕೆ ದೋಟಿ ಎತ್ತುವಾಗ. ಕಾರ್ಬನ್ ಫೈಬರ್ ದೋಟಿ ಹಗುರ ನಿಜ, ಕರೆಂಟನ್ನೂ ಹರಿಸುತ್ತದೆ. ಇಷ್ಟು ವೋಲ್ಟೇಜಿನಲ್ಲಿ ತಂತಿ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೆ ಸಾಕು, ಕರೆಂಟು ಹಾರುತ್ತದೆ. ಬೇಸಿಗೆಯಲ್ಲಿ ತಂತಿ ಕಾದು ಜೋಲುತ್ತದೆ, ಚಳಿಗಾಲದಲ್ಲಿ ಅಳೆದ ಅಂತರ ಆಗ ಇರಲ್ಲ. ಲೈನಿನುದ್ದಕ್ಕೂ ತಂತಿಬೇಲಿ ಇದ್ದರೆ ಅರ್ಥಿಂಗ್ ಮಾಡಿಸಿ, ಮುಟ್ಟಿದರೆ ಜುಮ್ ಅನ್ನುವುದು ನಿಲ್ಲುತ್ತದೆ.

ಇನ್ನು ಹಕ್ಕಿಗಳು. ಒಂದೇ ತಂತಿ ಮೇಲೆ ಕೂತ ಕಾಗೆಗೆ ಏನೂ ಆಗಲ್ಲ, ಎರಡೂ ಕಾಲಿಗೆ ಒಂದೇ ವೋಲ್ಟೇಜು. ಪಾಪ, ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಪಾಡು ಬೇರೆ. ನಮ್ಮ ಸಿರುಗುಪ್ಪದ ಕಡೆ ಅಲ್ಪಸ್ವಲ್ಪ ಉಳಿದಿರುವ ಈ ಭಾರೀ ಹಕ್ಕಿಯ ಕಣ್ಣುಗಳು ತಲೆಯ ಅಕ್ಕಪಕ್ಕ ಇರುತ್ತವೆ, ಎದುರಿನದು ಸರಿಯಾಗಿ ಕಾಣಲ್ಲ. ತಂತಿ ಕಂಡಾಗ ತಿರುಗಲು ಹೊತ್ತಿರುವುದಿಲ್ಲ. ಕರೆಂಟ್ ಹೊಡೆಯುವ ಮೊದಲೇ ಡಿಕ್ಕಿಯಿಂದ ಸಾಯುತ್ತದೆ. ರಾಜಸ್ಥಾನದಲ್ಲಿ ಲೈನುಗಳಿಗೆ ಹೊಳೆಯುವ ಬಿಲ್ಲೆ ನೇತುಹಾಕಿರುವುದು ಅದಕ್ಕೇ.