ಓದುಗರ ಪ್ರಶ್ನೆ: ಅಡುಗೆಮನೆ ಬಿಟ್ಟು ಕದಲದ ಹೆಂಗಸಿನದು ಬಂಡಾಯ ಹೇಗಾಗುತ್ತದೆ?

ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಅಮೆರಿಕದ ಹಳ್ಳಿ ಕತೆಗಳು ನಮಗೆ ಪಠ್ಯದಲ್ಲಿವೆ. ಅವುಗಳಲ್ಲಿ ಹೆಂಗಸರು ಅಡುಗೆ ಮಾಡುತ್ತಾರೆ, ಹೊಲಿಯುತ್ತಾರೆ, ಚರ್ಚಿಗೆ ಹೋಗಿ ಬರುತ್ತಾರೆ. ಅಷ್ಟೇ. ಹಾಗಿದ್ದರೂ ಇವನ್ನು ಹೆಣ್ಣಿನ ಬಂಡಾಯದ ಕತೆಗಳು ಅಂತ ಯಾಕೆ ಹೇಳುತ್ತಾರೆ? ಇವು ಒಂದು ಊರಿನ ಸುಂದರ ವರ್ಣನೆ ಮಾತ್ರ ಅಲ್ವಾ?

ಉತ್ತರ: ಇಂಗ್ಲಿಷ್ ಸಾಹಿತ್ಯ ಓದುವವರು ಇದನ್ನು ತುಂಬಾ ಸಲ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಈ ಕತೆಗಳ ಹೆಂಗಸರು ಭಾಷಣ ಮಾಡುವುದಿಲ್ಲ. ಗಂಟುಮೂಟೆ ಕಟ್ಟಿಕೊಂಡು ಪಟ್ಟಣಕ್ಕೆ ಹೋಗುವುದೂ ಅಪರೂಪ. ಆದರೆ ಅವರ ಕೈಯಲ್ಲಿ ಇದ್ದದ್ದು ಮನೆಗೆಲಸ ಒಂದೇ, ಹಾಗಾಗಿ ಜಗಳವನ್ನೂ ಅದರಿಂದಲೇ ಆಡಿದರು. ಆ ಜಗಳ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಊರಿನ ಕಟ್ಟುಪಾಡು ಗೊತ್ತಿರಬೇಕು. ಊರನ್ನು ಬರೀ ವರ್ಣನೆ ಅಂತ ಪಕ್ಕಕ್ಕಿಟ್ಟರೆ ಕತೆಯ ಅರ್ಧ ಭಾಗ ಕೈತಪ್ಪಿ ಹೋಗುತ್ತದೆ.

ಒಂದು ಕತೆಯನ್ನು ಹತ್ತಿರದಿಂದ ನೋಡೋಣ. ಮೇರಿ ವಿಲ್ಕಿನ್ಸ್ ಫ್ರೀಮನ್ ಬರೆದ 'ದಿ ರಿವೋಲ್ಟ್ ಆಫ್ ಮದರ್'. 1890ರಲ್ಲಿ 'ಹಾರ್ಪರ್ಸ್ ಬಜಾರ್' ಪತ್ರಿಕೆಯಲ್ಲಿ ಬಂತು. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರದೇಶದ ಒಂದು ಹಳ್ಳಿ. ಸಾರಾ ಪೆನ್ ಮತ್ತು ಅಡೊನಿರಾಮ್ ಮದುವೆಯಾಗಿ 40 ವರ್ಷ. ಹೊಸ ಮನೆ ಕಟ್ಟಿಸಿಕೊಡುತ್ತೇನೆ ಅಂತ ಗಂಡ ಮದುವೆಯ ಹೊಸತರಲ್ಲಿ ಮಾತು ಕೊಟ್ಟಿದ್ದ, ಜಾಗವನ್ನೂ ತೋರಿಸಿದ್ದ. ಈಗ ಅದೇ ಜಾಗದಲ್ಲಿ ಆಳುಗಳು ಪಾಯ ತೋಡುತ್ತಿದ್ದಾರೆ. ಏನಕ್ಕೆ ಅಂತ ಸಾರಾ ಕೇಳುತ್ತಾಳೆ. ಅವನು ಬಾಯಿ ಬಿಡುವುದಿಲ್ಲ. ಪಟ್ಟು ಹಿಡಿದು ಕೇಳಿದ ಮೇಲೆ ಗೊತ್ತಾಗುತ್ತದೆ: ಇನ್ನೊಂದು ಕೊಟ್ಟಿಗೆ. ಇನ್ನಷ್ಟು ಹಸು ಕೊಳ್ಳುವ ಯೋಚನೆಯೂ ಇದೆ.

ಸಾರಾ ಗಂಡನನ್ನು ಒಳಗೆ ಕರೆದು ಮನೆಯನ್ನೇ ತೋರಿಸುತ್ತಾಳೆ. ಕೆಲಸ ಮಾಡುವುದಕ್ಕೂ, ಊಟಕ್ಕೂ, ಕೂರುವುದಕ್ಕೂ ಇರುವುದು ಇದೊಂದೇ ಕೋಣೆ. ಗೋಡೆಯ ಕಾಗದ ಕೊಳೆಯಾಗಿ ಕಿತ್ತು ಬರುತ್ತಿದೆ. ಹತ್ತು ವರ್ಷದ ಹಿಂದೆ ಅದನ್ನು ಅಂಟಿಸಿದವಳೂ ತಾನೇ. ಆಮೇಲೆ ಪುಟ್ಟ ಮಲಗುವ ಕೋಣೆ. ನಾಲ್ಕು ಮಕ್ಕಳು ಹುಟ್ಟಿದ್ದು ಇಲ್ಲೇ, ಸತ್ತ ಇಬ್ಬರು, ಉಳಿದ ಇಬ್ಬರು. ಆಮೇಲೆ ಉಗ್ರಾಣ. ಆರು ಹಸುವಿನ ಹಾಲನ್ನು ಈ ಇಕ್ಕಟ್ಟಿನಲ್ಲೇ ಕಾಯಬೇಕು, ಪಾತ್ರೆಯನ್ನೂ ಇಲ್ಲೇ ಇಡಬೇಕು. ಹಸು ಜಾಸ್ತಿಯಾದರೆ ಕೆಲಸ ಜಾಸ್ತಿಯಾಗುವುದು ಯಾರಿಗೆ? ಮಗಳು ನ್ಯಾನಿಯ ಮದುವೆ ಬೇರೆ ಹತ್ತಿರ ಬಂದಿದೆ. ಇಷ್ಟೆಲ್ಲ ಕೇಳಿಸಿಕೊಂಡ ಅಡೊನಿರಾಮ್ ಹೇಳುವುದು ಒಂದೇ ಮಾತು: ನನಗೆ ಹೇಳುವುದೇನೂ ಇಲ್ಲ.

ಅದೇ ದಿನ ಅವಳು ಅವನಿಗೆ ಇಷ್ಟವಾದ ಮಿನ್ಸ್ ಪೈ (ಹೂರಣ ತುಂಬಿ ಬೇಯಿಸುವ ತಿಂಡಿ) ಮಾಡುತ್ತಾಳೆ. ಈ ಪೈ ನೋಡಿಯೇ ಎಷ್ಟೋ ಓದುಗರು "ಇವಳೆಂಥ ಬಂಡಾಯಗಾರ್ತಿ" ಅಂದುಬಿಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಎಷ್ಟೇ ಸಿಟ್ಟಿದ್ದರೂ ಗಂಡನಿಗೆ ಆಗಬೇಕಾದ್ದರಲ್ಲಿ ಅವಳು ಒಂದು ಎಳೆಯನ್ನೂ ಕಡಿಮೆ ಮಾಡಲಾರಳು ಅಂತ ಲೇಖಕಿ ಬಾಯಿಬಿಟ್ಟು ಹೇಳುತ್ತಾರೆ. ಇವಳು ಕೆಲಸಗಳ್ಳಿ ಅಂತ ಊರಿನಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ. 40 ವರ್ಷ ಒಂದು ದಿನವೂ ತಪ್ಪದ ಕೆಲಸವೇ ಅವಳ ಬಲ. ಅವಳು ಬಾಕಿ ಕೇಳುವುದು ಅದರ ಆಧಾರದ ಮೇಲೆ.

ಕೊಟ್ಟಿಗೆ ಎದ್ದು ನಿಲ್ಲುತ್ತದೆ. ಅಷ್ಟರಲ್ಲಿ ಕುದುರೆ ನೋಡಲು ಅಡೊನಿರಾಮ್ ವರ್ಮಾಂಟಿಗೆ ಹೋಗಬೇಕಾಗಿ ಬರುತ್ತದೆ. ಕೇಳದೆ ಒದಗಿ ಬಂದ ಈ ಅವಕಾಶ ದೇವರೇ ತೋರಿಸಿದ ದಾರಿ ಅಂತ ಸಾರಾ ನಂಬುತ್ತಾಳೆ. ಮಕ್ಕಳನ್ನು ಕರೆದುಕೊಂಡು, ಒಲೆ, ಹಾಸಿಗೆ, ಪಾತ್ರೆಪಡಗ ಎಲ್ಲವನ್ನೂ ಹೊಸ ಕೊಟ್ಟಿಗೆಗೆ ಸಾಗಿಸುತ್ತಾಳೆ. ಜೀನು, ಲಗಾಮು ಇಡಬೇಕಾದ ಕೋಣೆ ಅಡುಗೆಮನೆಯಾಗುತ್ತದೆ. ಕುದುರೆ ಕಟ್ಟುವ ಜಾಗಗಳು ಮಲಗುವ ಕೋಣೆಗಳಾಗುತ್ತವೆ. ಹಳೆ ಮನೆಯಲ್ಲಿ ಒಲೆ ಇದ್ದ ಜಾಗದಲ್ಲಿ ಒಂದು ಹಸು ನಿಲ್ಲುತ್ತದೆ. ಇಡೀ ಬಂಡಾಯ ಇಷ್ಟೇ: ಸಾಮಾನು ಸಾಗಿಸುವುದು. ಹೆಂಗಸರು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ.

ಊರಿಗೆ ಊರೇ ಮಾತಾಡಿಕೊಳ್ಳುತ್ತದೆ. ಪಾದ್ರಿ ಬುದ್ಧಿ ಹೇಳಲು ಬರುತ್ತಾರೆ. ಸಾರಾ ಬಟಾಣಿ ಸುಲಿಯುತ್ತಾ ಕೂತಿದ್ದಾಳೆ. ನಮ್ಮ ಹಿರಿಯರು ತಮಗೆ ಸೇರಬೇಕಾದ್ದು ಸಿಗಲಿಲ್ಲ ಅಂತ ಹಳೆ ದೇಶ ಬಿಟ್ಟು ಇಲ್ಲಿಗೆ ಬಂದದ್ದು ಎಷ್ಟು ಸರಿಯೋ ಇದೂ ಅಷ್ಟೇ ಸರಿ ಅನ್ನುತ್ತಾಳೆ. ಈ ಮಾತು ನ್ಯೂ ಇಂಗ್ಲೆಂಡಿನಲ್ಲಿ ಮಾತ್ರ ಇಷ್ಟು ಗಟ್ಟಿಯಾಗಿ ನಾಟುತ್ತದೆ. ಧರ್ಮದ ಹೆಸರಿನಲ್ಲಿ ಇಂಗ್ಲೆಂಡ್ ಬಿಟ್ಟು ಬಂದ ಪ್ಯೂರಿಟನ್ನರ ನೆಲ ಅದು. ಆ ಹಿರಿಯರ ಹೆಸರು ಹೇಳಿಯೇ ಪಾದ್ರಿಗಳು ಜನರನ್ನು ಹದ್ದಿನಲ್ಲಿ ಇಟ್ಟಿದ್ದರು. ಸಾರಾ ಅದೇ ಹಿರಿಯರನ್ನು ತನ್ನ ಸಾಕ್ಷಿಗೆ ಕರೆಯುತ್ತಾಳೆ. ಪಾದ್ರಿಯ ಹತ್ತಿರ ಉತ್ತರವಿಲ್ಲ. ಪ್ರಾದೇಶಿಕತೆ ಅಂದರೆ ಬೆಟ್ಟ, ಹಿಮ, ಆಡುಮಾತು ಅಷ್ಟೇ ಅಂದುಕೊಂಡವರು ಈ ಜಾಗವನ್ನು ಇನ್ನೊಮ್ಮೆ ಓದಬೇಕು.

ಗಂಡ ವಾಪಸ್ ಬಂದು ಬೆಪ್ಪಾಗಿ ನಿಲ್ಲುತ್ತಾನೆ. ಹುಚ್ಚು ಹಿಡಿದಿಲ್ಲ, ಹೆದರಬೇಡಿ ಅನ್ನುತ್ತಾಳೆ. ನಾವಿನ್ನು ಇಲ್ಲೇ ಇರುವುದು, ಕಿಟಕಿ ಇಡಿಸಿ, ನಡುವೆ ಗೋಡೆ ಹಾಕಿಸಿ. ಊಟ ಬಡಿಸುತ್ತಾಳೆ. ಊಟವಾದ ಮೇಲೆ ಮುದುಕ ಬಾಗಿಲ ಬಳಿ ಕೂತು ಅಳುತ್ತಾನೆ. ನಿನಗೆ ಇಷ್ಟರಮಟ್ಟಿಗೆ ಇದು ಬೇಕಾಗಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ ಅನ್ನುತ್ತಾನೆ. ಅವನು ಕೆಟ್ಟವನಲ್ಲ. ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಕತೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಅದೇ.

ಯಾಕೆ ಹೊಳೆಯಲಿಲ್ಲ? ಇದಕ್ಕೆ ಲೇಖಕಿಯೇ ಒಂದು ಸುಳಿವು ಕೊಟ್ಟಿದ್ದಾರೆ. 1917ರಲ್ಲಿ 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಫ್ರೀಮನ್ ಈ ಕತೆಯನ್ನು ತಾವೇ ತಳ್ಳಿಹಾಕಿದರು. ಇದು ನಿಜವಲ್ಲ, ಇಂಥ ಹೆಂಗಸು ನ್ಯೂ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ ಅಂದರು. ಸಂಪತ್ತು ತಂದುಕೊಡುವ ದನಕರುಗಳಿಗೆ ಅದನ್ನು ಖರ್ಚು ಮಾಡುವ ಜನರಿಗಿಂತ ಒಳ್ಳೆಯ ಸೂರು ಇರಬೇಕು ಅನ್ನುವುದರಲ್ಲಿ ಅಲ್ಲಿನ ಹೆಂಗಸರೂ ಗಂಡಂದಿರ ಕಡೆಯೇ ಇದ್ದರು ಅಂತಲೂ ಹೇಳಿದರು. ಕತೆ ಸೋತಿತು ಅನ್ನುವುದಕ್ಕೆ ಕೆಲವರು ಈ ಮಾತನ್ನು ಎತ್ತಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲು ಕೊಟ್ಟಿಗೆ, ಆಮೇಲೆ ಮನೆ ಅನ್ನುವುದು ಆ ಊರಿನಲ್ಲಿ ಯಾರೂ ಪ್ರಶ್ನಿಸದ ಕಾನೂನಾಗಿತ್ತು ಅಂತ ಈ ಮಾತೇ ಒಪ್ಪಿಕೊಳ್ಳುತ್ತದೆ. ಕಲ್ಲು ತುಂಬಿದ ನೆಲ, ಉದ್ದ ಚಳಿಗಾಲ. ಅಲ್ಲಿ ಹುಲ್ಲು, ಹಸು ಉಳಿದರೆ ಮಾತ್ರ ಸಂಸಾರ ಉಳಿಯುತ್ತದೆ. ಹಾಗಾಗಿ ಸಾರಾಳ ಎದುರು ನಿಂತದ್ದು ಗಂಡ ಒಬ್ಬನೇ ಅಲ್ಲ, ಒಂದು ಪ್ರದೇಶದ ಇಡೀ ಲೆಕ್ಕಾಚಾರ. ಫ್ರೀಮನ್ ಅವರ ಬಾಳಿನಲ್ಲೂ ಇದರ ನೆರಳಿದೆ. ಅವರ ತಂದೆಯ ವ್ಯಾಪಾರ ಕೈಕೊಟ್ಟಿತು. 1877ರಲ್ಲಿ ಸಂಸಾರ ಒಬ್ಬ ಪಾದ್ರಿಯ ಮನೆ ಸೇರಿತು, ತಾಯಿ ಅಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ನಿಂತರು. ಸ್ವಂತ ಅಡುಗೆಮನೆ ಇಲ್ಲದ ಹೆಂಗಸು ಹೇಗೆ ಬದುಕುತ್ತಾಳೆ ಅನ್ನುವುದು ಈ ಲೇಖಕಿಗೆ ಕೇಳಿ ಗೊತ್ತಾದ ವಿಷಯ ಅಲ್ಲ.

ಇನ್ನೊಂದು ಪ್ರಶ್ನೆ ಜೊತೆಗೇ ಬರುತ್ತದೆ: ಈ ಕತೆಗಳಲ್ಲಿ ಇಷ್ಟೊಂದು ಒಂಟಿ ಹೆಂಗಸರು ಯಾಕೆ? ಅದೂ ಊರಿನ ಸ್ಥಿತಿಯೇ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಎಷ್ಟೋ ಗಂಡಸರು ಸತ್ತರು. ಉಳಿದವರಲ್ಲಿ ತುಂಬಾ ಜನ ಪಶ್ಚಿಮದ ಹೊಸ ಜಮೀನಿಗೋ ಗಿರಣಿ ಪಟ್ಟಣಗಳಿಗೋ ಹೋದರು. ನ್ಯೂ ಇಂಗ್ಲೆಂಡಿನದೇ ರಾಜ್ಯವಾದ ಮ್ಯಾಸಚೂಸೆಟ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆಯೇ ಜಾಸ್ತಿ ಇತ್ತು. ಫ್ರೀಮನ್ ಅವರದೇ 'ಎ ನ್ಯೂ ಇಂಗ್ಲೆಂಡ್ ನನ್' ಕತೆಯ ಲೂಯಿಸಾ ಎಲ್ಲಿಸ್ ಹದಿನಾಲ್ಕು ವರ್ಷ ಕಾಯುತ್ತಾಳೆ. ನಿಶ್ಚಯವಾದ ಹುಡುಗ ಜೋ ದುಡಿಯಲು ಆಸ್ಟ್ರೇಲಿಯಾಕ್ಕೆ ಹೋಗಿದ್ದಾನೆ. ಅವನು ಬರುವ ಹೊತ್ತಿಗೆ ಅವಳಿಗೆ ತನ್ನ ಒಪ್ಪ ಓರಣದ ಪುಟ್ಟ ಮನೆಯೇ ಲೋಕವಾಗಿದೆ. ಒಂದರ ಮೇಲೊಂದು ಮೂರು ಏಪ್ರನ್ ಕಟ್ಟುವವಳು ಅವಳು. ನೀಟಾಗಿ ಹೊಲಿದ ಹೊಲಿಗೆಯನ್ನು, ಮತ್ತೆ ಹೊಲಿಯುವ ಖುಷಿಗೆ ಬಿಚ್ಚುವವಳು. ಜೋ ಬೇರೊಬ್ಬಳನ್ನು ಇಷ್ಟಪಡುತ್ತಾನೆ ಅಂತ ಅಕಸ್ಮಾತ್ತಾಗಿ ಗೊತ್ತಾದಾಗ, ಆ ಹುಡುಗಿಯ ಹೆಸರೂ ಎತ್ತದೆ, ಮರ್ಯಾದೆಯಿಂದ ಮದುವೆ ಬೇಡ ಅನ್ನುತ್ತಾಳೆ. ಕೆಲವರು ಇದನ್ನು ಬತ್ತಿದ ಬಾಳು ಅಂತ ಓದುತ್ತಾರೆ, ಕೆಲವರು ಸ್ವಾತಂತ್ರ್ಯ ಅಂತ. ನನಗೆ ಎರಡನೆಯದೇ ಜಾಸ್ತಿ ಸರಿ ಕಾಣುತ್ತದೆ. ಮದುವೆಯಾದರೆ ಅವಳಿಗೆ ಸಿಗುವುದು ಅತ್ತೆಯ ಮನೆಯ ದುಡಿತ ಅಂತ ಕತೆ ಸ್ಪಷ್ಟವಾಗಿ ಹೇಳುತ್ತದೆ.

ಹಾಗಂತ ಇದು ಒಂಟಿ ಹೋರಾಟ ಮಾತ್ರ ಅಲ್ಲ. ಫ್ರೀಮನ್ ಅವರ ಇನ್ನೊಂದು ಕತೆ 'ಎ ಚರ್ಚ್ ಮೌಸ್'ನ ಹೆಟ್ಟಿ ಅನ್ನುವ ಗತಿಯಿಲ್ಲದ ಮುದುಕಿ ಚರ್ಚಿನ ಗಂಟೆ ಬಾರಿಸಿ ಗುಡಿಸುವ ಕೆಲಸ ಕೇಳಿ ಪಡೆದು, ಚರ್ಚಿನಲ್ಲೇ ಬಿಡಾರ ಹೂಡುತ್ತಾಳೆ. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಕೋಸಿನ ವಾಸನೆ! ಗಂಡಸರು ಎಬ್ಬಿಸಲು ಬಂದಾಗ ಅವಳ ಪರವಾಗಿ ನಿಲ್ಲುವವರು ಊರಿನ ಹೆಂಗಸರು, ಮುಖ್ಯವಾಗಿ ಚರ್ಚಿನ ಹಿರಿಯನ ಹೆಂಡತಿ.

ಇಷ್ಟೆಲ್ಲ ಇದ್ದೂ ಇವು ಬಹಳ ಕಾಲ 'ಲೋಕಲ್ ಕಲರ್', ಅಂದರೆ ಊರಿನ ಸೊಗಡಿನ ಬರಹ, ಅನ್ನುವ ಹಣೆಪಟ್ಟಿಯ ಕೆಳಗೆ ಉಳಿದವು. ರೈಲು ಬಂದು ಹಳ್ಳಿ ಬದಲಾಗುತ್ತಿದ್ದಾಗ ಬಾಸ್ಟನ್, ನ್ಯೂಯಾರ್ಕಿನ ಓದುಗರಿಗೆ ಹಳೆ ಹಳ್ಳಿಯ ಚಿತ್ರ ಬೇಕಿತ್ತು, ಪತ್ರಿಕೆಗಳು ಅದನ್ನು ಕೊಟ್ಟವು. ವಿಮರ್ಶಕರು ಚಂದದ ಸಣ್ಣ ಬರಹ ಅಂತ ಬದಿಗಿಟ್ಟರು. 1970ರ ದಶಕದಲ್ಲಿ ಸ್ತ್ರೀವಾದಿ ವಿಮರ್ಶಕಿಯರು ಮತ್ತೆ ತೆಗೆದು ಓದಿದರು. ಊರಿನವರನ್ನು ಹೊರಗಿನಿಂದ ನೋಡುವ ಬರಹ ಬೇರೆ, ಅವರ ಜೊತೆ ನಿಂತು ನೋಡುವ ಬರಹ ಬೇರೆ ಅಂತ ಜುಡಿತ್ ಫೆಟರ್ಲಿ ಮತ್ತು ಮಾರ್ಜರಿ ಪ್ರೈಸ್ ಆಮೇಲೆ ತೋರಿಸಿಕೊಟ್ಟರು. ಮೇನ್ ರಾಜ್ಯದ ಸಾರಾ ಓರ್ನ್ ಜುವೆಟ್ ಕೂಡ ಈ ಎರಡನೇ ಸಾಲಿಗೆ ಸೇರುತ್ತಾರೆ. ಅವರ 'ಎ ವೈಟ್ ಹೆರಾನ್' ಕತೆಯಲ್ಲಿ (1886) ಒಂಬತ್ತು ವರ್ಷದ ಹುಡುಗಿಯೊಬ್ಬಳು ಹತ್ತು ಡಾಲರ್ ಆಸೆ ಬಿಟ್ಟು, ಪಟ್ಟಣದ ಬೇಟೆಗಾರನಿಗೆ ಹಕ್ಕಿಯ ಗೂಡು ತೋರಿಸುವುದಿಲ್ಲ. ಆದರೆ ಒಂದು ಕೊರತೆ ಹೇಳಲೇಬೇಕು. ನ್ಯೂ ಇಂಗ್ಲೆಂಡಿನ ಈ ಕತೆಗಳ ಹೆಂಗಸರು ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು. ಬಣ್ಣದ ಪ್ರಶ್ನೆ ನೇರವಾಗಿ ಬರುವುದು ದಕ್ಷಿಣದ ಕತೆಗಳಲ್ಲಿ, ಕೇಟ್ ಶೋಪಾನ್ ಬರೆದ ಲೂಯಿಸಿಯಾನಾ ಕತೆಗಳಂಥವುಗಳಲ್ಲಿ.

ಪರೀಕ್ಷೆಗೆ ಓದುತ್ತಿರುವವರು ಸಾರಾ ಪೆನ್ ಜೊತೆಗೆ ಹ್ಯಾಮ್ಲಿನ್ ಗಾರ್ಲಂಡ್ ಬರೆದ 'ಮಿಸೆಸ್ ರಿಪ್ಲೀಸ್ ಟ್ರಿಪ್' ಕತೆಯನ್ನೂ ಇಟ್ಟುಕೊಂಡು ಓದಿ. ಅದು ಅಯೋವಾದ ಬಯಲು ಸೀಮೆ. 23 ವರ್ಷ ಅಡುಗೆಮನೆ ಬಿಟ್ಟು ಹೋಗದ ಮುದುಕಿ ತವರಿನ ಕಡೆ ಒಮ್ಮೆ ಹೋಗಿ ಬರುತ್ತೇನೆ ಅಂತ ಹಟ ಹಿಡಿಯುತ್ತಾಳೆ. ಸುತ್ತ ಬರೀ ಬಯಲು, ನೆಂಟರೆಲ್ಲ ದೂರದ ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿ ಹೆಣ್ಣಿಗೆ ಬೇಕಾದದ್ದು ರೈಲಿನ ಟಿಕೆಟ್ಟು. ನೆರೆಹೊರೆ ಒತ್ತೊತ್ತಾಗಿರುವ ನ್ಯೂ ಇಂಗ್ಲೆಂಡಿನಲ್ಲಿ ಬೇಕಾದದ್ದು ಇನ್ನೊಂದು ಕೋಣೆ.